ಮೂರನೆಯ ಕೂಗು

ಹೊಳೆದಂಡೆಯ ಆಶ್ರಮದಲ್ಲಿ ಕ್ಷಯದವರನ್ನು ನೋಡಿಕೊಳ್ಳುತ್ತಿದ್ದ ನಿರ್ವಾಣಯ್ಯ ಅಜ್ಜಾರಿಗೆ ಇದ್ದವನು ಒಬ್ಬನೇ ಶಿಷ್ಯ, ಈರಭದ್ರ. ಪೇಟೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದವನು. ಓದಿದ್ದೇನೋ ಬಹಳ, ಬಾಯಿಗೆ ಮಾತ್ರ ಬೀಗವಿಲ್ಲ.

ಅವತ್ತು ಯಂಕವ್ವನಿಗೆ ಹೇಳಬಾರದ್ದನ್ನು ಹೇಳಿಬಿಟ್ಟ. ಅವಳ ಗಂಡ ಒಳಗೆ ರಕ್ತ ಕೆಮ್ಮುತ್ತಿದ್ದ. ಮಗಳಿಗೆ ಹುಟ್ಟಿದಾಗಲೇ ಕ್ಷಯದ ಲಸಿಕೆ ಹಾಕಿಸಿದ್ದಳು. ಆದರೆ ಕೂಸಿನ ತೋಳಿನಲ್ಲಿ ಲಸಿಕೆಯ ಕಲೆಯಿಲ್ಲ. ಈರಭದ್ರ ರಕ್ತದಲ್ಲಿ ಹುಡುಕಿದರೆ ಅಲ್ಲೂ ಅದರ ಗುರುತಿಲ್ಲ.

"ನಿನ್ನ ಮಗಳ ಒಳಗ ರೋಗ ತಡಿಯೋ ಕಾವಲಿಲ್ಲವ್ವ," ಅಂದ.

ಯಂಕವ್ವ ಗಂಟು ಕಟ್ಟಿದಳು. ಹೋದರೆ ಗಂಡನ ಬಾಯಿಗೆ ನೀರು ಬಿಡುವವರಿಲ್ಲ. ಇದ್ದರೆ ಮಗಳ ಗತಿ ಏನು? ಅಂಗಳದಲ್ಲೇ ಕೂತು ಅತ್ತಳು.

ಅಜ್ಜಾರು ಶಿಷ್ಯನನ್ನು ಬೈಯಲಿಲ್ಲ. "ಮರಳದಿಬ್ಬದ ಆಚೆ ಅಂಬಿಗರ ಮನಿ ಐತಿ. ಮಂದಿ ಅದಾರೇನು, ಕೂಗಿ ನೋಡ್ಕೊಂಡು ಬಾ," ಅಂದರು.

ಹೊತ್ತು ಮುಳುಗುತ್ತಿತ್ತು. ಬಾಗಿಲು ಮುಚ್ಚಿತ್ತು, ದೀಪವಿರಲಿಲ್ಲ. ಈರಭದ್ರ ಕೂಗಿದ. ಒಳಗೆ ಮಿಸುಕಾಟವಿಲ್ಲ. ತಿರುಗಿ ಬರುವಾಗ ಯಾರೋ ಬೆನ್ನಿಗೇ ಕಣ್ಣು ನೆಟ್ಟಂತಾಗಿ ಮೈ ಜುಮ್ಮೆಂದಿತು.

"ಮನಿ ಖಾಲಿ ಐತ್ರಿ, ಅಜ್ಜಾರ."

"ಎಷ್ಟು ಸಲ ಕೂಗಿದಿ?"

"ಒಂದ ಸಲ."

"ಇಳಿಹೊತ್ತಿನಾಗ ಒಂದ ಸಲ ಕೂಗೋದು ದೆವ್ವ. ಎರಡನೇದಕ್ಕೂ ಈ ದಂಡಿ ಮ್ಯಾಲೆ ಯಾರೂ ಓ ಅನ್ನಂಗಿಲ್ಲ. ನಡಿ."

ಇಬ್ಬರೂ ಹೋದರು. ಈರಭದ್ರ ಒಂದು ಸಲ ಕೂಗಿದ. ಎರಡು ಸಲ ಕೂಗಿದ. ಹೊಳೆಯ ಸದ್ದೊಂದೇ.

ಮೂರನೆಯ ಕೂಗು ಮುಗಿಯುವ ಮೊದಲೇ ಹತ್ತೆಂಟು ದನಿ ಒಮ್ಮೆಗೇ "ಓ" ಅಂದವು, ಅವನ ಮುಖದಿಂದ ಮೊಳದಷ್ಟು ದೂರದಲ್ಲಿ.

ಬಾಗಿಲು ತೆರೆಯಿತು. ಒಬ್ಬೊಬ್ಬರ ಕೈಯಲ್ಲೂ ದೊಣ್ಣೆ. ಇಷ್ಟು ಹೊತ್ತೂ ಅವರು ಉಸಿರು ಬಿಗಿಹಿಡಿದು ಬಾಗಿಲಿಗೇ ಆತು ನಿಂತಿದ್ದರು.

ಈರಭದ್ರ ಮರಳಲ್ಲೇ ಕೂತುಬಿಟ್ಟ.

"ಹಂಗಾದ್ರ ಆ ಕೂಸಿನ ಒಳಗೂ ಕಾಣದಂಗ ಕಾವಲು ಐತೇನ್ರಿ?" ಎಂದು ದಾರಿಯಲ್ಲಿ ಕೇಳಿದ.

"ಐತೋ ಇಲ್ಲೋ, ನನಗೂ ಗೊತ್ತಿಲ್ಲ. ಇಲ್ಲ ಅಂತ ಹೇಳಾಕ ನಿನಗ ಗೊತ್ತಿತ್ತೇನು?"

ಅವನಿಗೆ ನಾಚಿಕೆಯಾಯಿತು. ನೆಟ್ಟಗೆ ಯಂಕವ್ವನ ಹತ್ತಿರ ಹೋದ. "ತಪ್ಪಾತವ್ವ. ನನಗ ಗೊತ್ತಿಲ್ಲದ್ದನ್ನ ಹೇಳಿದೆ," ಅಂದ.

ಕೂಸಿಗೆ ಗಾಳಿ ಆಡುವ ಬೇರೆ ಕೋಣೆ, ರೋಗ ಬಾರದಂತೆ ದಿನಾ ಮಾತ್ರೆ ಎಂದು ಅಜ್ಜಾರು ಗೊತ್ತು ಮಾಡಿದರು. ಯಂಕವ್ವ ಕಟ್ಟಿದ್ದ ಗಂಟು ಬಿಚ್ಚಿದಳು.

ಈರಭದ್ರನಿಗೆ ಮಾತ್ರ ಸಮಾಧಾನವಿಲ್ಲ. "ಅಜ್ಜಾರ, ಮೂರನೇ ಕೂಗಿಗೂ ಒಳಗ ಯಾರೂ ಓ ಅನ್ನಲಿಲ್ಲ ಅಂದ್ರ?"

ಅಜ್ಜಾರು ಒಂದು ಚಾಪೆ ಸುತ್ತಿ ಅವನ ಕೈಗಿಟ್ಟರು.

"ಆ ಕೂಸಿನ ಬಾಗಲಾಗ ಮಲಗು. ಆವಾಗ ನೀ ಓ ಅನ್ನು."