ಬಾಚಣ್ಣ ಎಳೆದ ಗೆರೆ

ಹೊಳೆಯ ದಂಡೆಯಲ್ಲಿ ತ್ರಿಲೋಚನಾಚಾರ್ಯರ ಗುರುಕುಲವಿತ್ತು. ಪಾಠ ಮರದ ನೆರಳಿನಲ್ಲಿ ನಡೆಯುತ್ತಿತ್ತು. ಊರ ಹೆಗ್ಗಡೆಯವರು ಕಲ್ಲಿನ ಪಾಠಶಾಲೆ ಕಟ್ಟಿಸಿಕೊಡಲು ಮುಂದೆ ಬಂದರು.

“ಆಚಾರ್ಯರೇ, ನಿಮ್ಮ ಪಾಠಶಾಲೆಯ ಧ್ಯೇಯವೇನು? ಹೇಳಿ, ಬಾಗಿಲ ಮೇಲೆ ಕೆತ್ತಿಸುತ್ತೇನೆ.”

“ಬಾಗಿಲು ಇನ್ನೂ ಇಲ್ಲವಲ್ಲ, ಹೆಗ್ಗಡೆಯವರೇ. ಮೊದಲು ದಿಕ್ಕು ಗೊತ್ತುಮಾಡೋಣ.”

ದಿಕ್ಕಿನ ಗೆರೆ ಎಳೆಯುವುದು ಆ ವರ್ಷದ ಪರೀಕ್ಷೆಯಾಯಿತು.

ಆ ಗುರುಕುಲದ ನಿಯಮ ಬೇರೆ. ವಿದ್ಯೆ ಮುಗಿಸಿ ಹೊರಡುವವನಿಗೆ ಪರೀಕ್ಷೆಯಿಲ್ಲ. ಅವನು ಯಾರಿಗೆ ಕಲಿಸಿದನೋ ಅವನಿಗೆ ಪರೀಕ್ಷೆ. ಕಲಿತವನು ಸೋತರೆ ಕಲಿಸಿದವನು ಇನ್ನೊಂದು ವರ್ಷ ಅಲ್ಲೇ ಉಳಿಯಬೇಕು.

ಹೊರಡಬೇಕಾದವನು ಕೇತಯ್ಯ. ಗಣಿತದಲ್ಲಿ ಅವನಿಗೆ ಸಮನಿಲ್ಲ. ರಾಜಧಾನಿಯಿಂದ ಕರೆ ಬಂದಿತ್ತು. ಗುರುಗಳು ಅವನ ಕೈಗೆ ಕೊಟ್ಟದ್ದು ಬಾಚಣ್ಣನನ್ನು.

ಬಾಚಣ್ಣ ಮಂದ. ಗೆರೆ ಎಳೆಯಲು ಅವನು ದಾರ ಹಿಡಿದು ನಿಂತರೆ ಸಹಪಾಠಿಗಳು ನಗುತ್ತಿದ್ದರು. “ಬಾಚಣ್ಣಾ, ಸೂರ್ಯ ಎಲ್ಲಿ ಹುಟ್ಟಬೇಕೆಂದು ನಿನ್ನನ್ನು ಕೇಳಿಕೊಂಡೇ ಹುಟ್ಟುತ್ತಾನಂತೆ, ಹೌದೇನೋ?”

ಕೇತಯ್ಯನಿಗೆ ತಡೆಯಲಾಗಲಿಲ್ಲ. “ಗುರುಗಳೇ, ಇಷ್ಟು ಜನರಲ್ಲಿ ಇವನೇ ಏಕೆ?”

“ಚುರುಕಾದವನು ನೀನಿಲ್ಲದೆಯೂ ಕಲಿಯುತ್ತಾನೆ. ಅವನಿಂದ ನಿನ್ನನ್ನು ಅಳೆಯುವುದು ಹೇಗೆ?”

ಕಲಿಸಬೇಕಾದದ್ದು ಇಷ್ಟೇ. ಸಮತಟ್ಟಾದ ನೆಲದಲ್ಲಿ ಒಂದು ಗೂಟವನ್ನು ನೆಟ್ಟಗೆ ನೆಡಬೇಕು. ಅದರ ಸುತ್ತ ವೃತ್ತ ಎಳೆಯಬೇಕು. ಬೆಳಿಗ್ಗೆ ಗೂಟದ ನೆರಳಿನ ತುದಿ ವೃತ್ತದೊಳಗೆ ಬರುವಲ್ಲಿ ಒಂದು ಗುರುತು. ಮಧ್ಯಾಹ್ನ ಕಳೆದು ಅದು ಹೊರಗೆ ಹೋಗುವಲ್ಲಿ ಇನ್ನೊಂದು. ಎರಡನ್ನೂ ಸೇರಿಸಿದರೆ ಪೂರ್ವ ಪಶ್ಚಿಮದ ಗೆರೆ.

ಬಾಚಣ್ಣ ತಪ್ಪಿದಾಗಲೆಲ್ಲ ಕೇತಯ್ಯ ತಾನೇ ತಿದ್ದಿ ಮುಗಿಸುತ್ತಿದ್ದ. ಒಂದು ದಿನ ಗುರುಗಳು ಬಂದರು. ಆ ಗೆರೆಯನ್ನು ಊರುಗೋಲಿನಿಂದ ಕೆದಕಿ ಹಾಕಿದರು.

“ಇದು ನಿನ್ನ ಗೆರೆ. ಅವನದೆಲ್ಲಿ?”

ಅಂದಿನಿಂದ ಕೇತಯ್ಯ ಕೈ ಕಟ್ಟಿ ಕುಳಿತ. “ಅಳಿಸು. ಮತ್ತೆ ಎಳೆ.” ಇಷ್ಟೇ ಅವನ ಮಾತು.

ಬಾಚಣ್ಣ ಒಮ್ಮೆ ಕೇಳಿದ. “ಅಣ್ಣಾ, ನೀವು ನೋಡದೆ ಇದ್ದಾಗ ತಪ್ಪಾದರೆ?”

“ಆಗ ಇನ್ನೂ ಬೇಗ ಅಳಿಸು.”

ಪರೀಕ್ಷೆಯ ದಿನ ಬಂತು. ಹೆಗ್ಗಡೆಯವರು ಪಾಯ ತೋಡಲು ಗುದ್ದಲಿಯಾಳುಗಳೊಡನೆ ಬಂದರು. ದಡದಲ್ಲಿ ಕೇತಯ್ಯನಿಗಾಗಿ ದೋಣಿ ನಿಂತಿತ್ತು.

ಬಾಚಣ್ಣ ಬೆಳಗಿನ ಗುರುತು ಮಾಡಿದ. ಮಧ್ಯಾಹ್ನದ ಗುರುತನ್ನೂ ಮಾಡಿದ. ದಾರ ಬಿಗಿದು ಗೆರೆ ಎಳೆದ. ನಗುತ್ತಿದ್ದವರು ಸುಮ್ಮನಾದರು. ಹೆಗ್ಗಡೆಯವರು “ಭೇಷ್!” ಎಂದರು. ಕೇತಯ್ಯನ ಎದೆ ಹಗುರವಾಯಿತು. ಆಳುಗಳು ಗುದ್ದಲಿ ಎತ್ತಿದರು.

“ನಿಲ್ಲಿ,” ಎಂದ ಬಾಚಣ್ಣ.

ಅವನು ಗೂಟದ ಬುಡ ತೋರಿಸಿದ. “ನೀವೆಲ್ಲ ಊಟಕ್ಕೆ ಹೋದಾಗ ನನ್ನ ಕಾಲು ಗೂಟಕ್ಕೆ ತಗುಲಿತು. ಗೂಟ ವಾಲಿತು. ನೆಟ್ಟಗೆ ನಿಲ್ಲಿಸಿದೆ. ಅಣ್ಣನ ದೋಣಿ ಕಣ್ಣಿಗೆ ಬಿತ್ತು, ಸುಮ್ಮನಾದೆ. ಇನ್ನು ಸುಮ್ಮನಿರಲು ಆಗುವುದಿಲ್ಲ. ಗೆರೆ ತಪ್ಪಿರಬಹುದು.”

“ಎಷ್ಟು ತಪ್ಪಿದೆ?” ಎಂದರು ಹೆಗ್ಗಡೆಯವರು.

“ಗೊತ್ತಿಲ್ಲ, ಒಡೆಯರೇ. ಗೊತ್ತಿಲ್ಲದಿರುವುದೇ ತೊಡಕು.”

ಹೆಗ್ಗಡೆಯವರು ನಕ್ಕರು. “ಅಯ್ಯೋ ಮಾರಾಯ! ಯಾರ ಕಣ್ಣಿಗೂ ಕಾಣದ ತಪ್ಪನ್ನು ಕಟ್ಟಿಕೊಂಡು ಏನಾಗಬೇಕು? ಅಗೆಯಿರೋ!”

ಗುರುಗಳು ಕೈ ಎತ್ತಿದರು. ಆಳುಗಳು ನಿಂತರು. ಗುರುಗಳು ಕೇತಯ್ಯನ ಕಡೆ ತಿರುಗಿದರು.

“ಕಲಿಸಿದವನು ನೀನು. ನೀನೇ ಹೇಳು.”

ಕೇತಯ್ಯ ದೋಣಿಯನ್ನು ನೋಡಿದ. ಅಂಬಿಗ ಆಗಲೇ ಹಗ್ಗ ಬಿಚ್ಚುತ್ತಿದ್ದ. ಒಂದು ಮಾತು ಸಾಕು, ಅಥವಾ ಮಾತೇ ಬೇಡ, ಸುಮ್ಮನಿದ್ದರೂ ಸಾಕು, ಸಂಜೆಯೊಳಗೆ ಅವನು ಆಚೆಯ ದಡದಲ್ಲಿರುತ್ತಾನೆ. ರಾಜಧಾನಿ ಇನ್ನೊಂದು ವರ್ಷ ಕಾಯುವುದಿಲ್ಲ.

ಬಾಚಣ್ಣ ತಲೆ ತಗ್ಗಿಸಿರಲಿಲ್ಲ. ಕೇತಯ್ಯನ ಮುಖವನ್ನೇ ನೋಡುತ್ತಿದ್ದ.

ಕೇತಯ್ಯ ನಾಲ್ಕು ಹೆಜ್ಜೆ ಮುಂದೆ ಬಂದ. ತನ್ನ ಕಾಲಿನಿಂದಲೇ ಗೆರೆಯನ್ನು ಒರೆಸಿದ, ಆ ತುದಿಯಿಂದ ಈ ತುದಿಯವರೆಗೆ.

“ನಾಳೆ ಬೆಳಿಗ್ಗೆ ಮತ್ತೆ ಗೂಟ ನೆಡು, ಬಾಚಣ್ಣಾ. ನಾನು ಇಲ್ಲೇ ಇರುತ್ತೇನೆ.”

“ಇರುವುದಿಲ್ಲ,” ಎಂದರು ಗುರುಗಳು.

ಕೇತಯ್ಯ ಬೆಚ್ಚಿದ. “ಗುರುಗಳೇ?”

“ನಾಳೆಯ ಕೆಲಸಕ್ಕೆ ನೀನು ಬೇಕಿಲ್ಲ. ಬಾಚಣ್ಣನಿದ್ದಾನೆ, ಅವನು ಪರೀಕ್ಷೆ ಗೆದ್ದಾಯಿತು. ಗಂಟು ಕಟ್ಟು. ದೋಣಿ ಹತ್ತು.”

ಗುರುಕುಲಕ್ಕೆ ಗುರುಕುಲವೇ ಕೂಗಿಕೊಂಡಿತು. ನಕ್ಕಿದ್ದವರೇ ಬಾಚಣ್ಣನನ್ನು ಹೆಗಲಿಗೇರಿಸಿಕೊಂಡರು. ಅವನು ಅಲ್ಲಿಂದಲೇ, “ಇಳಿಸಿರೋ, ಅಣ್ಣನ ಗಂಟು ನಾನು ಹೊರಬೇಕು!” ಎಂದು ಒದರಿದ. ಕೇತಯ್ಯ ಗುರುಗಳ ಪಾದ ಮುಟ್ಟಿದ. ಏಳುವಾಗ ಅವನ ಕಣ್ಣು ತುಂಬಿತ್ತು, ಮುಖ ಬೆಳಗುತ್ತಿತ್ತು.

ದೋಣಿ ನಡುಹೊಳೆ ಸೇರಿತು. ದಡದ ಉದ್ದಕ್ಕೂ ಜಯಕಾರ ಕೇಳುತ್ತಲೇ ಇತ್ತು.

ಹೆಗ್ಗಡೆಯವರು ಒರೆಸಿದ ನೆಲವನ್ನು ನೋಡುತ್ತ ನಿಂತಿದ್ದರು. “ಅಂತೂ ನಿಮ್ಮ ಪಾಠಶಾಲೆಗೆ ಒಂದು ದಿನ ತಡವಾಯಿತಲ್ಲ, ಆಚಾರ್ಯರೇ?”

“ಪಾಠಶಾಲೆ ಆಯಿತು, ಹೆಗ್ಗಡೆಯವರೇ. ತಡವಾದದ್ದು ಗೋಡೆ.”