ಅಕ್ಕನಿಗೊಂದು ಹಿಡಿ ಮಣ್ಣು

ಮಲಪ್ರಭೆಯ ದಂಡೆಯ ಮೇಲೆ ಒಂದು ಮಠ. ಅಲ್ಲಿಯ ಹಿರಿಯ ಸ್ವಾಮಿಗಳನ್ನು ಸುತ್ತಲಿನ ಊರವರೆಲ್ಲ ಅಜ್ಜಾರು ಎನ್ನುತ್ತಿದ್ದರು. ಅವರ ಶಿಷ್ಯ ಮಡಿವಾಳಪ್ಪ ಮನೆ ಬಿಟ್ಟು ಬಂದು ಒಂಬತ್ತು ವರ್ಷವಾಗಿತ್ತು.

ಒಂದು ಮುಂಜಾನೆ ಸುದ್ದಿ ಬಂತು. ಅವನ ಅಕ್ಕ ಬಾಳವ್ವ ತೀರಿಕೊಂಡಿದ್ದಳು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು.

ಅಂಗಳ ಗುಡಿಸುತ್ತಿದ್ದ ಮಡಿವಾಳಪ್ಪ ಕಸಬರಿಗೆ ಕೆಳಗಿಡಲಿಲ್ಲ.

"ಹೋಗೂದಿಲ್ಲೇನಪಾ?" ಎಂದು ಅಜ್ಜಾರು ಕೇಳಿದರು.

"ಎಲ್ಲಾ ಬಿಟ್ಟು ಬಂದವಗ ಅಕ್ಕ ಯಾರು, ತಮ್ಮ ಯಾರು, ಅಜ್ಜಾರ?"

ಅಜ್ಜಾರು ಕೋಲು ಹಿಡಿದು ಬಾಳವ್ವನ ಊರಿನ ದಾರಿ ಹಿಡಿದರು. ಗುರುವೇ ಹೊರಟ ಮೇಲೆ ಶಿಷ್ಯ ಹಿಂದೆ ಉಳಿಯುವುದುಂಟೇ?

ಅವರು ಮುಟ್ಟುವಷ್ಟರಲ್ಲಿ ಮಣ್ಣು ಕೊಡುವ ಕಾರ್ಯ ಮುಗಿದಿತ್ತು. ಹಸಿಮಣ್ಣಿನ ಗುಡ್ಡೆ, ಮೇಲೆ ವಿಭೂತಿ, ನಾಲ್ಕು ಬಿಲ್ವಪತ್ರೆ. ಜನ ಚದುರಿದ್ದರು. ಬಾಳವ್ವನ ಮಗಳು ಶಿವಲೀಲಾ ಒಬ್ಬಳೇ ಕೂತಿದ್ದಳು. ಸೋದರಮಾವನನ್ನು ನೋಡಿ ಸರಿದು ಜಾಗ ಬಿಟ್ಟಳು.

ಅಜ್ಜಾರು ನೆಲದ ಮೇಲೇ ಕೂತರು.

"ನಿಮ್ಮಕ್ಕನ ಬಗ್ಗೆ ಹೇಳು."

"ಸಹನೆಯುಳ್ಳಾಕಿ, ಅಜ್ಜಾರ. ಧರ್ಮದಿಂದ ಬಾಳಿದಾಕಿ."

"ಆ ಮಾತು ಯಾರ ಕಲ್ಲಿನ ಮ್ಯಾಲೂ ಕೆತ್ತಬಹುದು. ಈ ಮಣ್ಣಿನೊಳಗ ಇರಾಕಿ ಯಾರು?"

ಹೊಲದ ಕಡೆಯಿಂದ ಗಾಳಿ ಬಂದು ಒಂದು ಪತ್ರೆಯನ್ನು ಜಾರಿಸಿತು. ಮಡಿವಾಳಪ್ಪ ಅದನ್ನು ಎತ್ತಿ ಮತ್ತೆ ಮೇಲಿಟ್ಟ.

"ನಗುವಾಗ ಬಾಯಿಗೆ ಸೆರಗು ಹಿಡೀತಿದ್ಲು," ಎಂದ. "ಮುಂದಿನ ಹಲ್ಲು ಮುರಿದಿತ್ತು."

ಆಮೇಲೆ ಮೆಲ್ಲಗೆ ಹೇಳಿದ, "ಮುರಿದಾಂವ ನಾನ. ಬಾರಿಕಾಯಿ ಗಿಡಕ್ಕ ಕಲ್ಲು ಒಗೆದಿದ್ದೆ."

ಶಿವಲೀಲಾ ತಲೆಯೆತ್ತಿದಳು.

"ಬಾವಿಕಟ್ಟಿ ಮ್ಯಾಲ ಬಿದ್ದು ಮುರೀತು ಅಂತಿದ್ಲಲ್ಲ ಅವ್ವ! ಅಪ್ಪ ಕೇಳಿದಾಗೂ ಹಂಗ ಅಂದ್ಲು. ನನಗೂ ಹಂಗ ಅಂದ್ಲು."

ಮಡಿವಾಳಪ್ಪನ ಮುಖದ ಬಿಗುವು ಕಳಚಿಬಿತ್ತು. ಒಂಬತ್ತು ವರ್ಷ ತಡೆಹಿಡಿದ ಅಳು ಒಡೆದು ಬಂತು. ಕಾವಿಯ ಮೇಲೆ, ಮಣ್ಣಿನ ಮೇಲೆ ಕಣ್ಣೀರು ಸುರಿಯಿತು.

"ಮೂರು ಸಲ ಮಠಕ್ಕ ಬಂದಿದ್ಲು, ಅಜ್ಜಾರ. ಧ್ಯಾನಕ್ಕ ಕೂತಾನ ಅಂತ ಹೇಳಿ ಕಳಸಿದೆ. ಧ್ಯಾನ ಎಲ್ಲೀದು? ಬಾಗಿಲ ಹಿಂದ ಕೂತು ಆಕಿ ಕೆಮ್ಮೂದು ಕೇಳ್ತಿದ್ದೆ. ಈ ತಪ್ಪು ಎಲ್ಲಿ ಒಯ್ದು ಹಾಕಲಿ?"

ಅಜ್ಜಾರು ಅವನ ಕೈ ಹಿಡಿದು ಬಿಡಿಸಿ, ಅಂಗೈಗೆ ಒಂದು ಹಿಡಿ ಮಣ್ಣು ಹಾಕಿದರು.

"ನೀನಿನ್ನೂ ಮಣ್ಣು ಕೊಟ್ಟಿಲ್ಲ."

ಅವನು ಕೊಟ್ಟ. ಕೊಟ್ಟ ಮೇಲೂ ಕೈ ಹಿಂದಕ್ಕೆ ತೆಗೆಯಲಿಲ್ಲ. ಶಿವಲೀಲಾ ಆ ಕೈಯ ಪಕ್ಕ ತನ್ನ ಕೈ ಇಟ್ಟಳು. ತಾಯಿ ಕಡೆಯ ದಿನಗಳಲ್ಲಿ ಏನು ಉಂಡಳು, ಯಾರನ್ನು ಕೇಳಿದಳು, ಎಲ್ಲವನ್ನೂ ಹೇಳಿದಳು. ಅವನು ಕೇಳಿಸಿಕೊಂಡ.

ಹೊತ್ತು ಇಳಿಯಿತು. ಅಜ್ಜಾರು ಎದ್ದರು. ಮಡಿವಾಳಪ್ಪನೂ ಎದ್ದು, ಅಭ್ಯಾಸಬಲದಿಂದ, "ಹೋಗಿ ಬರ್ತೀನವಾ," ಎಂದ.

ಶಿವಲೀಲಾ ಕಣ್ಣೊರೆಸಿಕೊಂಡಳು.

"ಮಣ್ಣಿಗೆ ಬಂದವರು ಬರ್ತೀನಿ ಅನ್ನಬಾರದು, ಮಾಮಾ."

ಅವನು ಗುರುವಿನ ಕಡೆ ನೋಡಿದ.

"ಬರಲಾರದವರು ಅನ್ನಬಾರದು, ತಾಯಿ. ಇಂವ ಬರ್ತಾನ," ಎಂದರು ಅಜ್ಜಾರು.