ಮಂಟಪ ಸಾಗಿಸಿದ ಮೇಸ್ತ್ರಿ

"ಗುರುಗಳೇ, ಮಠದ ಒರಳುಕಲ್ಲನ್ನು ಬೆಟ್ಟದ ಬುಡದಿಂದ ನಾನೊಬ್ಬನೇ ಹೊತ್ತು ತಂದೆ. ಇಷ್ಟು ಭಾರ ಹೊರುವವನಿಗೆ ಕೊನೆಗೆ ಸಿಗುವುದೇನು?" ಎಂದು ಶಿಷ್ಯ ಮೀಸೆ ತಿರುವುತ್ತ ಕೇಳಿದ.

ಗುರುಗಳು, "ಒಂದು ಕತೆ ಹೇಳುತ್ತೇನೆ. ತಾಕತ್ತಿದ್ದರೆ ಸುಳ್ಳು ಅನ್ನು, ನೋಡೋಣ" ಎಂದು ಶುರುಮಾಡಿದರು.

ಒಬ್ಬ ಬಂಡಿ ಮೇಸ್ತ್ರಿ ಇದ್ದ. ಬೇರೆಯವರು ಬಿಚ್ಚಿ ಸಾಗಿಸುವ ಕಟ್ಟಡಗಳನ್ನು ಅವನು ಇಡಿಯಾಗಿಯೇ ಸಾಗಿಸುತ್ತಿದ್ದ. ಒಮ್ಮೆ ದೊರೆ ಅವನನ್ನು ಕರೆಸಿ, ಪಾಳುಬಿದ್ದ ಊರಿನ ಕಲ್ಲುಮಂಟಪವನ್ನು ಕೋಟೆಗೆ ತರಲು ಹೇಳಿದ. ಹನ್ನೆರಡು ದಿನದ ದಾರಿ. ಒಂದು ಕಲ್ಲು ಸಡಿಲವಾದರೂ ಮೇಸ್ತ್ರಿಯ ಹೆಸರು ಮಣ್ಣುಪಾಲು.

ಹದಿನಾರು ಗಾಲಿಯ ಬಂಡಿ, ನಲವತ್ತು ಜೋಡಿ ಎತ್ತು. ಮಂಟಪ ಬಂಡಿ ಏರಿತು. ಆ ಕಸುಬಿನವರಲ್ಲಿ ಒಂದು ಪದ್ಧತಿ. ಎತ್ತು ಹೂಡುವ ಮೊದಲು ಮೇಸ್ತ್ರಿ ಕಟ್ಟಡದೊಳಗೆ ಮುಖ ಮಾಡಿ, ಇರುವವರು ಇಳಿಯಿರಿ ಎಂದು ಮೂರು ಸಲ ಕೂಗಬೇಕು.

"ಕೂಗು ಮೇಸ್ತ್ರಿ" ಎಂದ ಹಿರಿಯ ಬಂಡಿಯಾಳು.

"ಯಾರಿಗೆ ಕೂಗಲಿ ಮಾವ, ಬಾವಲಿಗಾ? ಇದ್ದರೆ ಕೂತಿರಲಿ ಬಿಡು. ಇನ್ನೂ ಯಾರಾದರೂ ಬರುವುದಿದ್ದರೆ ಹತ್ತಲಿ. ಎಲ್ಲರನ್ನೂ ಹೊತ್ತೊಯ್ಯುತ್ತೇನೆ!"

ಹಾಗೆಂದವನೇ ಹೆಗಲ ಮೇಲಿನ ವಲ್ಲಿಬಟ್ಟೆಯನ್ನು ಮಂಟಪದ ಜಗಲಿಗೆ ಎಸೆದು ಹಗ್ಗ ಬಿಗಿಯಲು ಹೋದ.

ಮೊದಲ ಊರಿನಲ್ಲಿ ಹೆಂಗಸೊಬ್ಬಳು ಬಿಂದಿಗೆ ಇಳಿಸಿ ಕೇಳಿದಳು. "ಅಣ್ಣಾ, ಒಳಗೆ ಕೂತಿರುವ ಅಜ್ಜಿಗೆ ನೀರು ಬೇಕಂತಾ?"

ಮೇಸ್ತ್ರಿ ತಿರುಗಿ ನೋಡಿದ. ಜಗಲಿ ಖಾಲಿ ಇತ್ತು. ನಕ್ಕು ಮುಂದೆ ಹೋದ.

ಮೂರನೆಯ ಊರಿನಲ್ಲಿ ಕುರಿ ಕಾಯುವವನು ಹೇಳಿದ. "ಮಸಣದ ತಿರುವಿನಲ್ಲಿ ಆರು ಜನ ಹತ್ತಿದರಲ್ಲ, ನಿಮ್ಮವರಾ?"

ದಿನದಿಂದ ದಿನಕ್ಕೆ ಗಾಲಿ ಆಳಕ್ಕೆ ಹೂತುಹೋಗತೊಡಗಿತು. ಎತ್ತು ಐವತ್ತು ಜೋಡಿಯಾಯಿತು, ಎಪ್ಪತ್ತಾಯಿತು. ಹಿರಿಯ ಆಳು ಒಂದು ಬೆಳಿಗ್ಗೆ ಹೇಳದೆ ಕೇಳದೆ ಹೊರಟುಹೋದ. ಈಗಲಾದರೂ ಕೂಗಿಬಿಡಲೇ ಎಂದು ಮೇಸ್ತ್ರಿಗೆ ಅನ್ನಿಸಿತು. ಕೂಗಿದರೆ ಅವರು ಇದ್ದಾರೆಂದು ಒಪ್ಪಿಕೊಂಡಂತೆ. ಆಳುಗಳು ಏನಂದುಕೊಂಡಾರು? ಅವನು ಕೂಗಲಿಲ್ಲ.

ಹನ್ನೆರಡನೆಯ ದಿನ ಬಂಡಿ ಕೋಟೆಯ ಬಾಗಿಲಿಗೆ ಬಂತು. ಒಂದು ಕಲ್ಲೂ ಅಲುಗಿರಲಿಲ್ಲ. "ನೋಡಯ್ಯಾ, ಇಂಥದ್ದನ್ನು ಯಾವನಾದರೂ ತಂದಿದ್ದಾನಾ?" ಎಂದು ಮೇಸ್ತ್ರಿ ಎದೆಯುಬ್ಬಿಸಿ ಕಾವಲುಗಾರನನ್ನು ಕೇಳಿದ.

ಕಾವಲುಗಾರ ಒಳಗೆ ಇಣುಕಿ ದನಿ ತಗ್ಗಿಸಿದ. "ಜಗಲಿ ತುಂಬ ಜನ ಕೂತಿದ್ದಾರೆ. ನಡುವೆ ಒಂದು ಜಾಗಕ್ಕೆ ಮಾತ್ರ ವಲ್ಲಿ ಹಾಸಿ ಹಿಡಿದಿಟ್ಟಿದ್ದಾರೆ. ಯಾರು ಬರಬೇಕು?"

ಮೇಸ್ತ್ರಿ ತನ್ನ ಬರಿಯ ಹೆಗಲನ್ನು ಮುಟ್ಟಿಕೊಂಡ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನ ಕೈ ಮೀಸೆಯಿಂದ ಇಳಿದಿತ್ತು. "ಅಷ್ಟು ದೂರ ಹೊತ್ತು ತಂದನಲ್ಲ, ದೊರೆ ಅವನಿಗೆ ಏನು ಕೊಟ್ಟ?"

"ದೊರೆ ಬಂದು ನೋಡುವಾಗ ಮೇಸ್ತ್ರಿ ಅಲ್ಲಿರಲಿಲ್ಲ, ಅವನಿಗೆ ಸಿಕ್ಕಿದ್ದು ಜಗಲಿಯಲ್ಲಿ ವಲ್ಲಿ ಹಾಸಿದ್ದ ಆ ಜಾಗ."